ಮಕ್ಕಳ ಅಂಗಿಯ ಮೇಲೆ ಮೇಜರ್ ಬಿಲ್ಲೆ... ಇದು ದೇಶಭಕ್ತಿಯೇ?

ಕಳೆದ ಗಣರಾಜ್ಯೋತ್ಸವದ ದಿನ ನಮ್ಮ ಶಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದಲೇ ಈ ಮಾತು ಶುರು ಮಾಡಬೇಕು. ಅವತ್ತು ಅದನ್ನು ಸಣ್ಣದು ಎಂದೇ ನಾವು ಅಂದುಕೊಂಡಿದ್ದೆವು. ಈಗ ಹಾಗೆ ಅನ್ನಿಸುತ್ತಿಲ್ಲ.

ಧ್ವಜ ಹಾರಿಸಿದ ಮೇಲೆ ಎಂದಿನಂತೆ ಮಕ್ಕಳ ಕಾರ್ಯಕ್ರಮವಿತ್ತು. ಎಂಟು ಮಕ್ಕಳು ಸೈನಿಕರ ವೇಷ ಹಾಕಿ ಹಾಡಿಗೆ ಹೆಜ್ಜೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು, ತಾಯಂದಿರು ಮೊಬೈಲಿನಲ್ಲಿ ಫೋಟೋ ಹಿಡಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ನಮ್ಮೂರ ನಿವೃತ್ತ ಹವಾಲ್ದಾರರು ಕೂತಿದ್ದರು. ಮದ್ರಾಸ್ ರೆಜಿಮೆಂಟಿನಲ್ಲಿ ಸೇವೆ ಮುಗಿಸಿ ಬಂದು ಈಗ ತಮ್ಮ ಎರಡೆಕರೆ ಹೊಲದಲ್ಲಿ ರಾಗಿ ಬೆಳೆಯುವವರು. ಹಾಡು ಮುಗಿದ ಮೇಲೆ ಒಬ್ಬ ಹುಡುಗನನ್ನು ಹತ್ತಿರ ಕರೆದರು. ಅವನ ಹೆಗಲ ಮೇಲೆ ಸಿಂಹದ ಬಿಲ್ಲೆ ಇತ್ತು, ತೋಳಿನ ಮೇಲೆ ಮೂರು ಪಟ್ಟಿ ಇತ್ತು, ಎದೆಯ ಮೇಲೆ ರೆಕ್ಕೆ ಇರುವ ಕಠಾರಿಯ ಗುರುತು ಇತ್ತು.

"ಮಗಾ, ನೀನು ಹವಾಲ್ದಾರನೋ, ಮೇಜರೋ?" ಎಂದು ಕೇಳಿದರು.

"ಗೊತ್ತಿಲ್ಲ ತಾತ, ಅಂಗ್ಡಿಯೋರು ಕೊಟ್ರು" ಎಂದ ಹುಡುಗ.

ಸುತ್ತ ನಿಂತವರೆಲ್ಲ ನಕ್ಕರು, ನಾವೂ ನಕ್ಕೆವು. ಹವಾಲ್ದಾರರು ನಗಲಿಲ್ಲ, ಕೋಪವನ್ನೂ ಮಾಡಲಿಲ್ಲ. ಹುಡುಗನ ತಲೆ ಸವರಿದರು, ಸಿಹಿ ಹಂಚುವ ಹೊತ್ತಿಗೆ ಎದ್ದು ಹೋಗಿದ್ದರು. ಸಂಜೆ ಅವರ ಮನೆಗೆ ಹೋಗಿ ವಿಚಾರಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಆ ಮೂರು ಪಟ್ಟಿಗೆ ನಂಗೆ ಎಷ್ಟು ವರ್ಷ ಹಿಡೀತು ಗೊತ್ತಾ?"

ಬಂಧುಗಳೇ, ಆ ಬಿಲ್ಲೆಗಳ ಪಟ್ಟಿಯನ್ನು ಅಂಗಡಿಗೆ ಬರೆದುಕೊಟ್ಟವರು ಬೇರೆ ಯಾರೂ ಅಲ್ಲ, ಶಿಕ್ಷಕರಾದ ನಾವೇ. ಆದ್ದರಿಂದ ಈ ಬರಹದ ಮೊದಲ ಆರೋಪಿಗಳೂ ನಾವೇ. ಆದರೆ ನಾವು ಒಬ್ಬರೇ ಅಲ್ಲ. ಗಡಿಯ ಈ ಕಡೆ ಇರಲಿ ಆ ಕಡೆ ಇರಲಿ, ಆಗಸ್ಟ್ 15 ಮತ್ತು ಜನವರಿ 26 ಬಂತೆಂದರೆ ಶಾಲೆ ಶಾಲೆಯಲ್ಲೂ ಇದೇ ನಡೆಯುತ್ತಿದೆ. ಇದನ್ನು ನಿಲ್ಲಿಸಬೇಕು ಎಂಬುದು ನಮ್ಮ ವಾದ. ಯಾಕೆ ಎಂದು ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಆ ಹುಡುಗನ ಅಂಗಿಯನ್ನೇ ಓದೋಣ. ಸೈನ್ಯದಲ್ಲಿ ತೋಳಿನ ಪಟ್ಟಿ ಸುಮ್ಮನೆ ಹೊಲಿದ ಬಟ್ಟೆಯಲ್ಲ. ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಅದರ ಮೇಲಿನವರಿಗೆ ಪಟ್ಟಿ ಹೋಗಿ ಹೆಗಲ ಮೇಲೆ ನಕ್ಷತ್ರ ಬರುತ್ತದೆ. ಅಧಿಕಾರಿಗಳಲ್ಲಿ ಲೆಫ್ಟಿನೆಂಟಿಗೆ ಎರಡು ನಕ್ಷತ್ರ, ಕ್ಯಾಪ್ಟನ್‌ಗೆ ಮೂರು, ಮೇಜರ್‌ಗೆ ನಕ್ಷತ್ರವಿಲ್ಲ, ಅಶೋಕ ಸ್ತಂಭದ ಸಿಂಹ. 1950ಕ್ಕೆ ಮುಂಚೆ ಅದೇ ಜಾಗದಲ್ಲಿ ಬ್ರಿಟಿಷ್ ಕಿರೀಟವಿತ್ತು. ನಾವು ಗಣರಾಜ್ಯವಾದ ದಿನ ಕಿರೀಟ ಇಳಿದು ಸಿಂಹ ಏರಿತು. ಅಂದರೆ ಆ ಸಣ್ಣ ಲೋಹದ ತುಂಡು, ಈ ಸೈನಿಕ ಇನ್ನು ಯಾವ ರಾಜನ ಆಳೂ ಅಲ್ಲ, ಸಂವಿಧಾನದ ಸೇವಕ ಎಂದು ಹೇಳುತ್ತದೆ. ನಮ್ಮ ಹುಡುಗನ ಮೈಮೇಲೆ ಹವಾಲ್ದಾರನ ಪಟ್ಟಿಯೂ ಮೇಜರನ ಸಿಂಹವೂ ಒಟ್ಟಿಗೆ ಇದ್ದವು. ಅಂಥ ಸೈನಿಕ ಭಾರತದ ಸೈನ್ಯದಲ್ಲಿ ಇರಲು ಸಾಧ್ಯವೇ ಇಲ್ಲ. ಕನ್ನಡ ಪಾಠದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ ಹಾಕುವ ನಾವು, ಇಷ್ಟು ದೊಡ್ಡ ತಪ್ಪನ್ನು ವೇದಿಕೆ ಹತ್ತಿಸಿ ಚಪ್ಪಾಳೆ ತಟ್ಟಿದೆವಲ್ಲ!

ಇನ್ನು ಎದೆಯ ಮೇಲಿದ್ದ ರೆಕ್ಕೆ ಕಠಾರಿಯ ಗುರುತು. ಅದರ ಕೆಳಗೆ ದೇವನಾಗರಿಯಲ್ಲಿ 'ಬಲಿದಾನ' ಎಂದು ಬರೆದಿರುತ್ತದೆ. ಅದು ಪ್ಯಾರಾಚೂಟ್ ರೆಜಿಮೆಂಟಿನ ಸ್ಪೆಷಲ್ ಫೋರ್ಸಸ್ ಪಡೆಗಳ ಗುರುತು. ಆ ಪಡೆಗೆ ಸೇರಲು ಬಂದವರನ್ನು ತಿಂಗಳುಗಟ್ಟಲೆ ಪರೀಕ್ಷಿಸುತ್ತಾರೆ, ಹೆಚ್ಚಿನವರು ಅರ್ಧಕ್ಕೇ ಹಿಂದೆ ಹೋಗುತ್ತಾರೆ. ಉಳಿದವರಿಗಷ್ಟೇ ಆ ಬಿಲ್ಲೆ. ಸೈನ್ಯದ ಒಳಗೇ ಅದನ್ನು ಹಾಕಿಕೊಳ್ಳುವ ಹಕ್ಕು ಇಲ್ಲದ ಸೈನಿಕರು ಲಕ್ಷಗಟ್ಟಲೆ ಇದ್ದಾರೆ. ಜನರಲ್ಲಿ ಅದು ಪ್ರಸಿದ್ಧವಾದದ್ದು 2019ರಲ್ಲಿ. ಆ ವರ್ಷದ ವಿಶ್ವಕಪ್ಪಿನಲ್ಲಿ, ಜೂನ್ 5ರಂದು ದಕ್ಷಿಣ ಆಫ್ರಿಕಾ ವಿರುದ್ಧದ ಪಂದ್ಯದಲ್ಲಿ, ಧೋನಿಯವರ ಕೀಪಿಂಗ್ ಗ್ಲೌಸಿನ ಮೇಲೆ ಆ ಗುರುತು ಕಂಡಿತು. ಐಸಿಸಿ ನಿಯಮ ತೋರಿಸಿ ತೆಗೆಸಿತು. ದೇಶದಲ್ಲೆಲ್ಲ ಗದ್ದಲವಾಯಿತು. ಧೋನಿಯವರಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಬಂದಿತ್ತು, 2015ರಲ್ಲಿ ಆಗ್ರಾದಲ್ಲಿ ಐದು ಸಲ ಪ್ಯಾರಾಚೂಟ್ ಜಿಗಿತ ಮುಗಿಸಿ ಪ್ಯಾರಾ ರೆಕ್ಕೆಯನ್ನು ದುಡಿದೇ ಪಡೆದಿದ್ದರು. ಅವರ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಆ ಗದ್ದಲದಲ್ಲಿ ಎಲ್ಲರೂ 'ಹಾಕಬಹುದೇ, ತೆಗೆಯಬೇಕೇ' ಎಂದು ಜಗಳವಾಡಿದರೇ ಹೊರತು, 'ಅದು ಯಾರ ಗುರುತು, ಯಾಕೆ ಕೊಡುತ್ತಾರೆ' ಎಂದು ಕೇಳಿದವರು ಕಡಿಮೆ. ಆಮೇಲೆ ನಮ್ಮ ವಾರದ ಸಂತೆಯಲ್ಲೂ ಬೀಗದ ಕೈ ಗೊಂಚಲಿನ ಪಕ್ಕ ಆ ಬಿಲ್ಲೆ ನೇತಾಡತೊಡಗಿತು.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಬಹುದು. ಸೈನಿಕನಲ್ಲದವನು, ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಗುರುತು ಧರಿಸಿದರೆ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 140ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಹೇಳುತ್ತದೆ. ಮೂರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ನಮ್ಮ ನಾಲ್ಕನೇ ಕ್ಲಾಸಿನ ಹುಡುಗ ಯಾರನ್ನೂ ನಂಬಿಸಲು ಹೊರಟಿರಲಿಲ್ಲ. ಆದ್ದರಿಂದ ಕಾನೂನಿನ ಕಣ್ಣಲ್ಲಿ ಅವನದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ. ಆದರೆ ಶಾಲೆ ಎಂಬುದು ಪೊಲೀಸ್ ಠಾಣೆಯಲ್ಲ. ಕೇಸು ಬೀಳುವುದಿಲ್ಲ ಎಂಬುದು ಮೇಷ್ಟ್ರಿಗೆ ಸಾಕಾಗುವ ಉತ್ತರವೇ?

"ಮಕ್ಕಳ ಆಟಕ್ಕೆ ಇಷ್ಟೆಲ್ಲ ಯಾಕೆ?" ಎನ್ನುವವರಿದ್ದಾರೆ. ಆಟಕ್ಕೆ ನಮ್ಮ ವಿರೋಧವಿಲ್ಲ. ಮಕ್ಕಳು ಕೋಲು ಹಿಡಿದು ಬಂದೂಕು ಎನ್ನಲಿ, ಕಾಗದದ ಟೋಪಿ ಹಾಕಿ ದಂಡನಾಯಕ ಎನ್ನಲಿ. ಅಲ್ಲಿ ಕಲ್ಪನೆ ಇದೆ. ಅಂಗಡಿಯ ಬಿಲ್ಲೆಯಲ್ಲಿ ಕಲ್ಪನೆಯೂ ಇಲ್ಲ, ತಿಳಿವಳಿಕೆಯೂ ಇಲ್ಲ. "ಇದರಿಂದ ದೇಶಭಕ್ತಿ ಬೆಳೆಯುತ್ತದೆ" ಎನ್ನುವವರಿಗೆ ನಮ್ಮ ಉತ್ತರ ಇನ್ನೂ ಖಾರವಾಗಿದೆ. ದುಡ್ಡು ಕೊಟ್ಟರೆ ಮೇಜರ್ ಆಗಬಹುದು ಎಂದು ಮಗು ಕಲಿತರೆ ಅದು ದೇಶಭಕ್ತಿಯಲ್ಲ, ವ್ಯಾಪಾರ. ಕಷ್ಟಪಟ್ಟು ಗಳಿಸಬೇಕಾದ್ದನ್ನು ಕೊಂಡುಕೊಳ್ಳಬಹುದು ಎಂಬ ಪಾಠವನ್ನು ಈ ಮಕ್ಕಳಿಗೆ ಜಗತ್ತು ಹೇಗಿದ್ದರೂ ಕಲಿಸುತ್ತದೆ. ಶಾಲೆಯೂ ಅದನ್ನೇ ಕಲಿಸಬೇಕೇ?

ಇಲ್ಲಿ ಇನ್ನೊಂದು ಗುಂಪಿನ ವಾದವೂ ಇದೆ. ಅವರು ಹೇಳುವುದು ಬೇರೆ: "ಈ ರೆಜಿಮೆಂಟಿನ ಚಿಹ್ನೆಗಳೆಲ್ಲ ಬ್ರಿಟಿಷರ ಗುಲಾಮಗಿರಿಯ ಗುರುತು, ಮಕ್ಕಳಿಗೆ ಅದನ್ನು ಯಾಕೆ ಕಲಿಸಬೇಕು, ಎಲ್ಲ ಕಿತ್ತೆಸೆಯಬೇಕು." ಇವರಿಗೂ ಉತ್ತರ ಕೊಡಬೇಕು. ಅದಕ್ಕೆ ನಮ್ಮ ಹವಾಲ್ದಾರರು ತೋರಿಸಿದ ಆನೆಯ ಕಥೆಯೇ ಸಾಕು.

ಅವತ್ತು ಸಂಜೆ ಅವರು ಟ್ರಂಕು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ತಮ್ಮ ಟೋಪಿಯ ಬಿಲ್ಲೆ ತೋರಿಸಿದರು. ಗುರಾಣಿಯ ಮೇಲೆ ಆನೆ, ಹಿಂದೆ ಅಡ್ಡಡ್ಡ ಎರಡು ಕತ್ತಿ. ಇದು ಮದ್ರಾಸ್ ರೆಜಿಮೆಂಟಿನ ಗುರುತು. ನಮ್ಮ ತಾಳವಾಡಿ ಸೀಮೆಯಿಂದ ದಿಂಬಂ ಘಾಟಿ ಇಳಿದು, ಸತ್ಯಮಂಗಲ, ಮೇಟ್ಟುಪಾಳ್ಯಂ ದಾಟಿ ಕೂನೂರಿಗೆ ಹತ್ತಿದರೆ ಪಕ್ಕದಲ್ಲೇ ವೆಲಿಂಗ್ಟನ್. ಈ ರೆಜಿಮೆಂಟಿನ ಕೇಂದ್ರ ಅಲ್ಲೇ ಇದೆ. ನಮ್ಮ ಕಡೆಯ ಎಷ್ಟೋ ಹುಡುಗರು ಮೊದಲ ಸಲ ಬೂಟು ಕಟ್ಟಿದ್ದು ಅಲ್ಲೇ.

ಆ ಆನೆ ಬಂದದ್ದು ಎಲ್ಲಿಂದ? 1803ರ ಸೆಪ್ಟೆಂಬರ್ 23ರಂದು ಅಸಾಯೆ ಎಂಬ ಹಳ್ಳಿಯ ಬಳಿ ಒಂದು ಯುದ್ಧವಾಯಿತು. ಆ ಹಳ್ಳಿ ಈಗ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿದೆ. ಒಂದು ಕಡೆ ದೌಲತ್ ರಾವ್ ಸಿಂಧಿಯಾ ಮತ್ತು ನಾಗಪುರದ ಭೋಂಸ್ಲೆಯವರ ದಂಡು, ಇನ್ನೊಂದು ಕಡೆ ಆರ್ಥರ್ ವೆಲ್ಲೆಸ್ಲಿಯ ಕಂಪನಿ ಸೈನ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದಿದ್ದ ವೆಲ್ಲೆಸ್ಲಿಯೇ ಇವನು. ಅವನ ಜೊತೆ ಹೋರಾಡಿದವರಲ್ಲಿ ಮದ್ರಾಸಿನ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ದಿವಾನ್ ಪೂರ್ಣಯ್ಯನವರು ಕಳಿಸಿದ ಮೈಸೂರಿನ ಸವಾರರೂ ಇದ್ದರು. ಗೆದ್ದ ಕಡೆಯಲ್ಲೇ ಸತ್ತವರು, ಗಾಯಗೊಂಡವರು ಸೇರಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ. ಆ ಯುದ್ಧದ ನೆನಪಿಗೆ ಕಂಪನಿ ಸರ್ಕಾರ ಅದರಲ್ಲಿದ್ದ ಪಡೆಗಳಿಗೆ ಗೌರವ ಧ್ವಜವನ್ನೂ ಆನೆಯ ಗುರುತನ್ನೂ ಕೊಟ್ಟಿತು.

ನಮ್ಮವರು ನಮ್ಮವರ ಮೇಲೇ ಹೋರಾಡಿ ಗಳಿಸಿದ ಆನೆ ಅದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಮಕ್ಕಳಿಗೆ ಹಾಗೆಯೇ ಹೇಳಬೇಕು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರವೂ ಇದನ್ನು ಯೋಚಿಸಿತು. ಭಾರತೀಯರ ವಿರುದ್ಧವೇ ಗೆದ್ದ ಇಂಥ ಯುದ್ಧಗಳ ಗೌರವವನ್ನು ಯಾವ ರೆಜಿಮೆಂಟೂ ಹಬ್ಬವಾಗಿ ಆಚರಿಸಕೂಡದು ಎಂದು ತೀರ್ಮಾನವಾಯಿತು. ಅಸಾಯೆಯ ವಿಜಯೋತ್ಸವ ಹೋಯಿತು. ಆದರೆ ಆನೆ ಉಳಿಯಿತು! ಯಾಕೆ ಉಳಿಯಿತು? ಅದೇ ಆನೆಯನ್ನು ತಲೆಯ ಮೇಲಿಟ್ಟುಕೊಂಡು ಈ ರೆಜಿಮೆಂಟಿನವರು 1948ರಲ್ಲಿ ಕಾಶ್ಮೀರದ ತಿಥ್ವಾಲ್‌ನಲ್ಲಿ, 1965ರಲ್ಲಿ ಕಲಿಧಾರ್ ಮತ್ತು ಮಹಾರಾಜ್‌ಕೆಯಲ್ಲಿ, 1971ರಲ್ಲಿ ಬಸಂತರ್ ನದಿಯ ದಡದಲ್ಲಿ ಭಾರತಕ್ಕಾಗಿ ಹೋರಾಡಿದರು. ಕಂಪನಿ ಕೊಟ್ಟ ಆನೆಗೆ ನಮ್ಮ ಸೈನಿಕರು ತಮ್ಮ ರಕ್ತದಿಂದ ಹೊಸ ಅರ್ಥ ಕೊಟ್ಟರು. ಚಿಹ್ನೆಯ ಅರ್ಥ ಅದನ್ನು ಎರಕ ಹೊಯ್ದವನ ಕೈಯಲ್ಲಿ ನಿಲ್ಲುವುದಿಲ್ಲ, ಅದನ್ನು ಧರಿಸಿದವನು ಏನು ಮಾಡಿದ ಎಂಬುದರಲ್ಲಿ ನಿಲ್ಲುತ್ತದೆ. ಕಿತ್ತೆಸೆಯುವುದು ಒಂದು ನಿಮಿಷದ ಕೆಲಸ. ಅರ್ಥವನ್ನೇ ಬದಲಿಸಲು ತಲೆಮಾರುಗಳು ಬೇಕು.

ಹಾಗೆಂದು ಬದಲಾವಣೆಯೇ ಬೇಡ ಎಂಬ ಹಟವೂ ನಮಗಿಲ್ಲ. ನೌಕಾಪಡೆಯ ಧ್ವಜದಲ್ಲಿದ್ದ ಸೇಂಟ್ ಜಾರ್ಜ್ ಶಿಲುಬೆಯ ಗೆರೆಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ತೆಗೆದು, ಶಿವಾಜಿ ಮಹಾರಾಜರ ಮುದ್ರೆಯಿಂದ ಪ್ರೇರಣೆ ಪಡೆದ ಎಂಟು ಮೂಲೆಯ ಗುರುತು ಹಾಕಿದರು. ಸರಿಯೇ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಕಥೆ ಗೊತ್ತಿರುವವರು ಕೂತು ತೀರ್ಮಾನಿಸಲಿ. ಆದರೆ ಕಥೆಯೇ ಗೊತ್ತಿಲ್ಲದೆ ಎದೆಗೆ ಚುಚ್ಚಿಕೊಳ್ಳುವವರೂ, ಕಥೆಯೇ ಗೊತ್ತಿಲ್ಲದೆ ಕಿತ್ತೆಸೆಯಿರಿ ಎನ್ನುವವರೂ ನಮ್ಮ ಪಾಲಿಗೆ ಒಂದೇ. ಇಬ್ಬರೂ ಪಾಠ ಓದಿಲ್ಲ.

ಕನ್ನಡದ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಕಥೆ ಇದೆ. ಅಸಾಯೆಯ ತಾರೀಖಿನಂದೇ, ಅಂದರೆ 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಹಿಡಿದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಸಂಸ್ಥಾನಗಳು ವಿಲೀನವಾದ ಮೇಲೆ ಆ ಸವಾರರು 61ನೇ ಕ್ಯಾವಲ್ರಿಯಲ್ಲಿ ಸೇರಿಹೋದರು. ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರು ಹೋಯಿತು. ಆದರೆ ದೂರದ ಜೈಪುರದ ಆ ಕುದುರೆ ಪಡೆಯ ಬಿಲ್ಲೆಯಲ್ಲಿ ಈಗಲೂ ಎರಡು ತಲೆಯ ಹಕ್ಕಿ ಇದೆ. ನಮ್ಮ ಮಕ್ಕಳು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ನೋಡಿ ಗುರುತಿಸುವ ಗಂಡಭೇರುಂಡವೂ ಎರಡು ತಲೆಯ ಹಕ್ಕಿಯೇ. ಮೈಸೂರು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಕಾಲಾಳು ಪಡೆಗಳು ಮದ್ರಾಸ್ ರೆಜಿಮೆಂಟಿಗೆ ಬಂದು ಅದೇ ಆನೆಯ ಕೆಳಗೆ ನಿಂತವು. ಇದನ್ನು ನಾವು ಯಾವತ್ತಾದರೂ ಕ್ಲಾಸಿನಲ್ಲಿ ಹೇಳಿದ್ದೇವೆಯೇ? ಇಲ್ಲ. ಬಿಲ್ಲೆ ತಂದು ಚುಚ್ಚಿದ್ದೇವೆ, ಅಷ್ಟೇ.

ಈಗ ನಮ್ಮ ನೋವಿನ ಜಾಗಕ್ಕೆ ಬರುತ್ತೇವೆ. 'ಮದ್ರಾಸಿ' ಎಂಬ ಮಾತನ್ನು ಉತ್ತರದ ಕಡೆ ಹೀಯಾಳಿಸಲು ಬಳಸುವುದು ಎಲ್ಲರಿಗೂ ಗೊತ್ತು. ಕನ್ನಡದವನಾಗಲಿ, ತಮಿಳಿನವನಾಗಲಿ, ಮಲಯಾಳಿಯಾಗಲಿ, ತೆಲುಗಿನವನಾಗಲಿ, ಅವರಿಗೆ ಎಲ್ಲರೂ ಮದ್ರಾಸಿ! ಆದರೆ ಈ ರೆಜಿಮೆಂಟು ಆ ಹೆಸರನ್ನೇ ತನ್ನ ರಣಘೋಷ ಮಾಡಿಕೊಂಡಿದೆ: "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು!" ಅದರ 'ಅಡಿ' ನಮ್ಮ 'ಹೊಡಿ'. ಯಾವ ಭಾಷೆಯ ಮಾತು ಎಂದು ಬಂಕರಿನಲ್ಲಿ ಯಾರೂ ಕೇಳುವುದಿಲ್ಲ. "ನಮ್ ಸೆಕ್ಷನ್ನಲ್ಲಿ ನಾಕು ಭಾಷೆ ಇತ್ತು ಮೇಷ್ಟ್ರೇ, ಆನೆ ಮಾತ್ರ ಒಂದೇ" ಎಂದರು ಹವಾಲ್ದಾರರು. 1956ರಲ್ಲಿ ಗೆರೆ ಎಳೆದಾಗ ಕೊಳ್ಳೇಗಾಲ ಆ ಕಡೆ ಹೋಗಿ, ನಾವು ಈ ಕಡೆ ಉಳಿದೆವು. ಅಂದಿನಿಂದ ನಮ್ಮನ್ನು ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ, "ನೀವು ಯಾರ ಕಡೆ?" ಆ ಪ್ರಶ್ನೆಗೆ ಹವಾಲ್ದಾರರ ಟೋಪಿಯ ಮೇಲಿನ ಆನೆ ಕೊಟ್ಟಷ್ಟು ಚೆನ್ನಾದ ಉತ್ತರವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಅದಕ್ಕೇ ಈ ಬರಹದ ಕಟುವಾದ ಮಾತನ್ನು ಈಗ ಹೇಳುತ್ತೇವೆ. ನಮ್ಮ ಶಾಲೆಗೂ ಒಂದು ಬ್ಯಾಡ್ಜು ಇದೆ. ಸಾದಾ ತಗಡಿನದು, ಕನ್ನಡದಲ್ಲಿ ಶಾಲೆಯ ಹೆಸರು ಬರೆದದ್ದು. ಅದನ್ನು ಹಾಕಿಕೊಂಡು ಬನ್ನಿ ಎಂದರೆ ದೊಡ್ಡ ಕ್ಲಾಸಿನ ಮಕ್ಕಳು ಹಾಕಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳು ನೋಡುತ್ತಾರಂತೆ, ನಗುತ್ತಾರಂತೆ. ಹಾಗಾಗಿ ಬ್ಯಾಡ್ಜನ್ನು ಬಿಚ್ಚಿ ಜೇಬಿನಲ್ಲಿಟ್ಟು, ಶಾಲೆಯ ಗೇಟಿನ ಹತ್ತಿರ ಚುಚ್ಚಿಕೊಳ್ಳುತ್ತಾರೆ. ತಂದೆತಾಯಿಯರಿಗೆ ಇದು ಗೊತ್ತು, ನಮಗೂ ಗೊತ್ತು. ಅದೇ ತಂದೆತಾಯಿಯರು ಜನವರಿ 26ಕ್ಕೆ ಮೇಜರ್ ಬಿಲ್ಲೆ ಕೊಳ್ಳಲು ಚೌಕಾಸಿಯನ್ನೂ ಮಾಡುವುದಿಲ್ಲ. ತನ್ನದಾದ ಗುರುತನ್ನು ಜೇಬಿನಲ್ಲಿ ಬಚ್ಚಿಟ್ಟು, ತನ್ನದಲ್ಲದ ಗುರುತನ್ನು ಎದೆಯ ಮೇಲೆ ಮೆರೆಸುವುದು... ಬಂಧುಗಳೇ, ಇದಕ್ಕೆ ಏನೆಂದು ಹೆಸರಿಡೋಣ?

ಮದ್ರಾಸ್ ರೆಜಿಮೆಂಟಿನ ಧ್ಯೇಯವಾಕ್ಯ ಭಗವದ್ಗೀತೆಯ ಮೂರನೇ ಅಧ್ಯಾಯದ್ದು. ತನ್ನ ಧರ್ಮದಲ್ಲಿದ್ದು ಸಾಯುವುದೇ ಲೇಸು ಎಂದು ಅದರ ಅರ್ಥ. ಪರರದ್ದನ್ನು ಎಷ್ಟು ಚೆನ್ನಾಗಿ ಮಾಡಿದರೂ ತನ್ನದಕ್ಕೆ ಸಮವಲ್ಲ ಎಂಬ ಮಾತೂ ಅದೇ ಶ್ಲೋಕದಲ್ಲಿದೆ. ಇದಕ್ಕಿಂತ ಹೆಚ್ಚಿಗೆ ನಾವೇನು ಹೇಳಬೇಕು? ಹೀಯಾಳಿಕೆಯ ಮಾತನ್ನೇ ಸೈನಿಕರು ರಣಘೋಷ ಮಾಡಿಕೊಂಡರು. 'ಕನ್ನಡ ಮೀಡಿಯಂ' ಎಂಬ ಹೀಯಾಳಿಕೆಯನ್ನು ನಾವು ಹಾಗೆ ಮಾಡಿಕೊಳ್ಳಲು ಯಾಕೆ ಆಗುವುದಿಲ್ಲ? ನಗುವವರು ನಗಲಿ, ಬ್ಯಾಡ್ಜು ಜೇಬಿಗೆ ಹೋಗದಿರಲಿ.

ಇನ್ನೊಂದು ವಿಚಾರ. 2023ರ ಆಗಸ್ಟ್ 1ರಿಂದ ನಮ್ಮ ಭೂಸೇನೆಯಲ್ಲಿ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗಳಿಗೆಲ್ಲ ಒಂದೇ ಬಗೆಯ ಉಡುಪು ಬಂತು. ಅವರು ತಮ್ಮ ಹಳೆಯ ರೆಜಿಮೆಂಟಿನ ಟೋಪಿ, ಬೆಲ್ಟು, ಹೆಗಲ ದಾರ ಎಲ್ಲವನ್ನೂ ಬಿಟ್ಟು ಎಲ್ಲರಿಗೂ ಸಮಾನವಾದದ್ದನ್ನು ಧರಿಸುತ್ತಾರೆ. ಎಲ್ಲ ರೆಜಿಮೆಂಟುಗಳನ್ನೂ ಸಮವಾಗಿ ನೋಡಬೇಕಾದ ಸ್ಥಾನ ಅದು ಎಂಬ ಕಾರಣಕ್ಕೆ. ಇಪ್ಪತ್ತು ಮೂವತ್ತು ವರ್ಷ ತಲೆಯ ಮೇಲಿಟ್ಟುಕೊಂಡ ಗುರುತನ್ನು ಕರ್ತವ್ಯಕ್ಕಾಗಿ ಇಳಿಸುವುದು ಸುಲಭದ ಮಾತಲ್ಲ. ಯಾವಾಗ ಧರಿಸಬೇಕು ಎಂಬುದಕ್ಕೆ ಎಷ್ಟು ಶಿಸ್ತು ಇದೆಯೋ, ಯಾವಾಗ ಇಳಿಸಬೇಕು ಎಂಬುದಕ್ಕೂ ಅಷ್ಟೇ ಶಿಸ್ತು ಇದೆ. ಇಂಥ ವಸ್ತುವನ್ನು ನಾವು ಸಂತೆಯಲ್ಲಿ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ.

ಬರೀ ಬೈದು ಮುಗಿಸಿದರೆ ಮೇಷ್ಟ್ರ ಕೆಲಸ ಅರ್ಧವಾಗುತ್ತದೆ. ಆದ್ದರಿಂದ ನಮ್ಮ ಶಾಲೆಯಲ್ಲಿ ನಾವು ಮಾಡಿಕೊಂಡ ತೀರ್ಮಾನಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಒಂದು, ಇನ್ನು ಮುಂದೆ ಯಾವ ಕಾರ್ಯಕ್ರಮದಲ್ಲೂ ನಮ್ಮ ಮಕ್ಕಳ ಮೈಮೇಲೆ ಸೈನ್ಯದ ಪಟ್ಟಿ, ನಕ್ಷತ್ರ, ಸಿಂಹ, ರೆಜಿಮೆಂಟಿನ ಬಿಲ್ಲೆ ಇರುವುದಿಲ್ಲ. ಸೈನಿಕನ ಪಾತ್ರ ಬೇಕಿದ್ದರೆ ಸಾದಾ ಹಸಿರು ಅಂಗಿ ಸಾಕು, ನಟನೆ ಚೆನ್ನಾಗಿದ್ದರೆ ಜನ ನಂಬುತ್ತಾರೆ.

ಎರಡು, ಜನವರಿ 15ರ ಸೇನಾ ದಿನದ ಆಸುಪಾಸಿನಲ್ಲಿ ಊರಿನ ಮಾಜಿ ಸೈನಿಕರನ್ನು ಶಾಲೆಗೆ ಕರೆಯುತ್ತೇವೆ. ಹಾರ ಶಾಲು ಹಾಕಿ ಕೂರಿಸಲು ಅಲ್ಲ, ಒಂದು ಪೀರಿಯಡ್ ಪಾಠ ಮಾಡಿಸಲು. ಅವರು ತಮ್ಮ ಬಿಲ್ಲೆ ತರಲಿ, ಅದರಲ್ಲಿ ಏನಿದೆ, ಹೇಗೆ ಬಂತು, ಹೇಗೆ ಹೊಳಪು ಕೊಡುತ್ತಿದ್ದರು ಎಂದು ಮಕ್ಕಳಿಗೆ ಹೇಳಲಿ. ಮಕ್ಕಳು ನೋಡಲಿ, ಮುಟ್ಟಲಿ, ಚಿತ್ರ ಬರೆಯಲಿ. ಹಾಕಿಕೊಳ್ಳುವುದು ಮಾತ್ರ ಬೇಡ. ಅದನ್ನು ಹಾಕಿಕೊಳ್ಳುವ ಆಸೆ ಇದ್ದವರು ಮುಂದೆ ಭರ್ತಿಗೆ ಹೋಗಿ, ಓಡಿ, ಗಳಿಸಿ ಹಾಕಿಕೊಳ್ಳಲಿ.

ಮೂರು, ನಮ್ಮ ಶಾಲೆಯ ಬ್ಯಾಡ್ಜನ್ನು ಹೊಸದಾಗಿ ಮಾಡಿಸುತ್ತೇವೆ. ಚಿತ್ರ ಏನಿರಬೇಕೆಂದು ಮಕ್ಕಳೇ ತೀರ್ಮಾನಿಸಲಿ. ಆದರೆ ಅಕ್ಷರ ಕನ್ನಡದ್ದೇ ಇರುತ್ತದೆ. ಶಿಕ್ಷಕರಾದ ನಾವೂ ಅದನ್ನು ದಿನವೂ ಹಾಕಿಕೊಳ್ಳುತ್ತೇವೆ, ಬಸ್ಸಿನಲ್ಲೂ ತೆಗೆಯುವುದಿಲ್ಲ. ನಾವು ಹಾಕಿಕೊಳ್ಳದೆ ಮಕ್ಕಳಿಗೆ ಹೇಳುವ ನೈತಿಕತೆ ನಮಗೆಲ್ಲಿಂದ ಬರಬೇಕು?

ಕಾಸರಗೋಡಿನ, ಹೊಸೂರಿನ, ಅಕ್ಕಲಕೋಟೆಯ, ಜತ್ತಿನ, ರಾಯದುರ್ಗದ ಸಹೋದ್ಯೋಗಿಗಳೇ, ನಿಮ್ಮ ಊರುಗಳಲ್ಲೂ ಇಂಥ ಹವಾಲ್ದಾರರು, ನಾಯಕರು, ಸುಬೇದಾರರು ಇದ್ದೇ ಇರುತ್ತಾರೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ನಾವು ಮಾಡುವ ತಪ್ಪುಗಳನ್ನು ಸುಮ್ಮನೆ ನೋಡಿ ಎದ್ದು ಹೋಗುತ್ತಿರುತ್ತಾರೆ. ಅವರು ಯಾಕೆ ಬೇಗ ಎದ್ದು ಹೋದರು ಎಂದು ಒಂದು ಸಲ ಅವರ ಮನೆಗೆ ಹೋಗಿ ಕೇಳಿ.

ನಾವು ಕೇಳಿ ಬಂದೆವು. ಹೊರಡುವಾಗ ಹವಾಲ್ದಾರರು ಆನೆಯನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದರು. "ಆ ಹುಡುಗನ್ನ ಬೈಬೇಡಿ ಮೇಷ್ಟ್ರೇ, ಅವನಿಗೇನು ಗೊತ್ತು" ಎಂದರು. ಹೌದು, ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಬೇಕಾದವರು ನಾವಾಗಿದ್ದೆವು.